ಫೇಲಾದ ಕಾರು, ವೇಲ್ಸ್‌ನ ಬೆಟ್ಟ

ನಮ್ಮಲ್ಲಿ ಸ್ವಂತ ಕಾರಿಗೆ 15 ವರ್ಷ ತುಂಬುವವರೆಗೂ ಎಫ್‌ಸಿ ಚಿಂತೆ ಇಲ್ಲ. ಇಂಗ್ಲೆಂಡಲ್ಲಿ ಮೂರೇ ವರ್ಷ, ಆಮೇಲೆ ಪ್ರತಿ ವರ್ಷ ಎಂಒಟಿ ಪರೀಕ್ಷೆ. ಊರಿಂದ ಅಮ್ಮ ಬಂದಿದ್ರು, ವೇಲ್ಸ್‌ನ ಎರಿರಿ ಬೆಟ್ಟಗಳಿಗೆ ಹೊರಡಬೇಕಿತ್ತು. ಗಡುವಿಗೆ 18 ದಿನ ಇರುವಾಗಲೇ ಕಾರು ತೋರಿಸಿದೆ. ಫೇಲ್! ಹಿಂದಿನ ಚಕ್ರದ ಕಾಯಿಲ್ ಸ್ಪ್ರಿಂಗ್ ಮುರಿದಿದೆ, ‘ಮೇಜರ್’ ದೋಷ.

"ಹಳೇ ಸರ್ಟಿಫಿಕೇಟಿಗೆ ಇನ್ನೂ ಡೇಟ್ ಇದ್ಯಲ್ಲ, ಹೋಗ್ಬಹುದಲ್ವಾ?" ಅಂದ್ರು ಅಮ್ಮ.

ಡೇಟ್ ಇದೆ ನಿಜ. ‘ಡೇಂಜರಸ್’ ಅಂತ ಬರೆದಿದ್ದರೆ ಗ್ಯಾರೇಜಿಂದ ಓಡಿಸಿಕೊಂಡು ಬರೋ ಹಾಗೇ ಇಲ್ಲ, 2,500 ಪೌಂಡ್‌ವರೆಗೆ ದಂಡ. ಮೇಜರ್ ಆದರೆ ಓಡಿಸಬಹುದು ಅಂತ ಬಹಳ ಜನ ಹೇಳ್ತಾರೆ. ಅದು ಅರ್ಧ ಮಾತು. ಗಾಡಿ ರಸ್ತೆಗೆ ಯೋಗ್ಯವಾಗಿರಬೇಕು ಅನ್ನೋ ಕಾನೂನು ಬೇರೆಯೇ ಇದೆ. ಹಳೇ ಕಾಗದ ತೋರಿಸಿದರೆ ಅದು ಬಿಡಲ್ಲ. ಅದಿರಲಿ, ಲಾನ್‌ಬೆರಿಸ್ ಕಣಿವೆಯ ತಿರುವಿನಲ್ಲಿ ಆ ಮುರಿದ ತುದಿ ಟೈರಿಗೆ ಚುಚ್ಚಿದರೆ?

ಕಾರನ್ನು ಗ್ಯಾರೇಜಲ್ಲೇ ಬಿಟ್ಟು ರೈಲು ಹಿಡಿದೆವು. ಲಾಂಡಿಡ್ನೊ ಜಂಕ್ಷನ್‌ನಲ್ಲಿ ಪುಟ್ಟ ರೈಲಿಗೆ ಬದಲಾಯಿಸಿದರೆ, ಕಾನ್ವಿ ನದಿ ಬಹಳ ಹೊತ್ತು ಕಿಟಕಿ ಪಕ್ಕದಲ್ಲೇ ಬರುತ್ತೆ. ಕುರಿಗಳು, ಕಲ್ಲಿನ ಬೇಲಿ, ಜಿನುಗುಮಳೆ. ಕೊನೆಗೆ ಎರಡು ಮೈಲಿಗೂ ಉದ್ದದ ಸುರಂಗ. ಹೊರಗೆ ಬಂದರೆ ಬ್ಲೈನೈ ಫೆಸ್ಟಿನಿಯೋಗ್: ಮನೆಗಳ ಹಿಂದೆಲ್ಲ ಗುಡ್ಡದಷ್ಟು ಬೂದು ಸ್ಲೇಟ್ ಕಲ್ಲಿನ ರಾಶಿ.

ಅಮ್ಮ ಒಂದು ಚೂರು ಎತ್ತಿಕೊಂಡು, ಸೆರಗಲ್ಲಿ ಒರೆಸಿ, ಉಗುರಿಂದ ‘ಅ’ ಗೀಚಿ ನೋಡಿದ್ರು.

ಗ್ಯಾರೇಜಿಂದ ಮೆಸೇಜ್ ಬಂತು: ಹೊಸ ಸ್ಪ್ರಿಂಗ್ ಹಾಕಿದೆ, ಪಾಸ್.