ಇನ್ನೊಂದು ಹಾಕಲಾ?

ಪಂಕ್ತಿಯಲ್ಲಿ ನಮ್ಮ ಚಿಕ್ಕಪ್ಪ ಕೂತರೆ ಬಡಿಸುವವರಿಗೆ ಎಲ್ಲಿಲ್ಲದ ಹುರುಪು. ಹೋಳಿಗೆ ಹಿಡಿದವನು ಉಳಿದವರ ಎಲೆಗಳನ್ನು ಓಡುತ್ತಲೇ ದಾಟಿ ಅವನ ಮುಂದೆ ಬಂದು ನಿಂತು, 'ಇನ್ನೊಂದು ಹಾಕಲಾ?' ಎನ್ನುತ್ತಿದ್ದ. ಚಿಕ್ಕಪ್ಪ ಹೂಂ ಎನ್ನುತ್ತಿರಲಿಲ್ಲ, ಉಹೂಂ ಎನ್ನುತ್ತಿರಲಿಲ್ಲ. ಎಲೆಯ ಮೇಲಿನ ಪಲ್ಯವನ್ನು ಬೆರಳಲ್ಲಿ ತುಸು ಆಚೆ ಸರಿಸಿ ಜಾಗ ಮಾಡಿಕೊಡುತ್ತಿದ್ದ, ಅಷ್ಟೆ. ಉಂಡು ಮುಗಿಸಿದವರೂ ಏಳದೆ ನೋಡುತ್ತ ಕೂರುತ್ತಿದ್ದರು. ಎಣಿಸುವ ಕೆಲಸ ಮಕ್ಕಳಾದ ನಮ್ಮದು. ಸಾಗರದ ಹತ್ತಿರದ ಒಂದು ಮದುವೆಯಲ್ಲಿ 31 ಕಾಯಿಹೋಳಿಗೆಯವರೆಗೆ ಎಣಿಸಿದ್ದು ನೆನಪಿದೆ. ಅಪ್ಪಯ್ಯ ಕಣ್ಣು ಬಿಟ್ಟಿದ್ದರಿಂದ ಲೆಕ್ಕ ಅಲ್ಲಿಗೆ ನಿಂತಿತು, ಹೋಳಿಗೆ ನಿಲ್ಲಲಿಲ್ಲ.

ಇಷ್ಟು ತಿಂದೂ ಆಸಾಮಿ ಅಡಿಕೆ ದಬ್ಬೆಯ ಹಾಗಿದ್ದ. 'ತಿಂದದ್ದೆಲ್ಲ ಎಲ್ಲಿಗೆ ಹೋಗ್ತದೆ ಮಾರಾಯ?' ಎಂದು ಊರವರು ಕೇಳಿದರೆ ಅವನೂ ಅವರ ಜೊತೆಗೇ ನಗುತ್ತಿದ್ದ. ನಮ್ಮ ಬಾಯಲ್ಲಿ ಅವನು ಬಕ ಚಿಕ್ಕಪ್ಪ. ಎದುರಿಗಲ್ಲ, ಹಿಂದಿನಿಂದ. ಗುಂಪು ಫೋಟೋವೊಂದರಲ್ಲಿ ಗುಡ್ಡೆ ಹೊರಬರುವಂತೆ ಕಣ್ಣು ಬಿಟ್ಟುಕೊಂಡು ನಿಂತಿದ್ದಾನೆ. 'ಫೋಟೋ ತೆಗೆಯುವವನನ್ನೇ ತಿಂದುಬಿಡುವ ಹಾಗೆ ನೋಡ್ತಿದ್ದಾನೆ' ಎಂದು ಆ ಫೋಟೋ ಪೆಟ್ಟಿಗೆಯಿಂದ ಹೊರಬಂದಾಗಲೆಲ್ಲ ನಕ್ಕಿದ್ದೇವೆ.

ಅಜ್ಜಿ ಉಗ್ರಾಣಕ್ಕೆ ಬೀಗ ಹಾಕಲು ಶುರುಮಾಡಿದ್ದು ಅವನ ದೆಸೆಯಿಂದ. ಒಂದು ರಾತ್ರಿ ನೀರು ಕುಡಿಯಲು ಎದ್ದವನು ಅಡುಗೆಮನೆಯ ಕತ್ತಲಲ್ಲಿ ಅವನನ್ನು ಕಂಡೆ. ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಣ ಅವಲಕ್ಕಿ ಮುಕ್ಕುತ್ತಿದ್ದ. ನನ್ನನ್ನು ಕಂಡು ಒಂದು ತುಂಡು ಬೆಲ್ಲ ಕೈಗಿಟ್ಟ. ಲಂಚ. ಆ ಕೈ ಸಣ್ಣಗೆ ನಡುಗುತ್ತಿತ್ತು. ಸಿಕ್ಕಿಬಿದ್ದದ್ದಕ್ಕೆ ನಡುಗುತ್ತಿದೆ ಎಂದುಕೊಂಡೆ. ಬೆಲ್ಲ ತಿಂದು ಹೋಗಿ ಮಲಗಿದೆ.

ಮೂವತ್ತು ವರ್ಷ ಬಿಟ್ಟು ಅದೇ ಹಸಿವು ವಿಳಾಸ ಹುಡುಕಿಕೊಂಡು ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂತು.

ಬೆಳಿಗ್ಗೆ ಮನೆಯಲ್ಲಿ ಆರು ದೋಸೆ. ಒಂಬತ್ತೂವರೆಗೆ ಆಫೀಸಿನ ಪಕ್ಕದ ದರ್ಶಿನಿಯಲ್ಲಿ ಇಡ್ಲಿ-ವಡೆ. ಹನ್ನೊಂದಕ್ಕೆ ಮತ್ತೆ ಅದೇ ಕೌಂಟರಿನ ಮುಂದೆ ನಿಂತರೆ ಕ್ಯಾಷಿನಲ್ಲಿದ್ದವನು 'ಪಾರ್ಸೆಲ್ಲಾ ಸಾರ್?' ಎಂದು ಕೇಳಿ ನನ್ನ ಮಾನ ಉಳಿಸುತ್ತಿದ್ದ. ಹೌದೆಂದು ಖಾರಾಬಾತ್ ಕಟ್ಟಿಸಿಕೊಂಡು, ಸ್ಕೂಟರುಗಳ ಮಧ್ಯೆ ನಿಂತು ತಿಂದಿದ್ದೇನೆ. ಇಷ್ಟಾಗಿ ನಾಲ್ಕು ತಿಂಗಳಲ್ಲಿ ಒಂಬತ್ತು ಕೆ.ಜಿ. ಇಳಿದೆ. ಬೆಲ್ಟಿಗೆ ಎರಡು ಹೊಸ ತೂತು ಬಿತ್ತು. ಆಫೀಸಿನಲ್ಲಿ ಮರ್ಯಾದೆ ಹೆಚ್ಚಿತು. 'ಯಾವ ಡಯಟ್ ಸಾರ್?' ಎಂದವರಿಗೆಲ್ಲ 'ಬೆಳಿಗ್ಗೆ ಒಂದು ಲೋಟ ಬಿಸಿನೀರು' ಎಂದು ದೊಡ್ಡಮನುಷ್ಯನಂತೆ ಹೇಳಿದೆ. ಪಕ್ಕದ ಟೇಬಲ್ಲಿನವರು ಮೂರು ವಾರ ಬಿಸಿನೀರು ಕುಡಿದು, ಅರ್ಧ ಕೆ.ಜಿ. ಏರಿ, ನನ್ನ ಜೊತೆ ಮಾತು ಬಿಟ್ಟರು.

ಹೆಂಡತಿಗೆ ಜಂತುಹುಳದ ಮೇಲೆ ಗುಮಾನಿ. ಊರಿಂದ ಬಂದಿದ್ದ ಅಮ್ಮನಿಗೆ ಯಾವ ಗುಮಾನಿಯೂ ಇಲ್ಲ, ಬರೀ ಸಂತೋಷ. ಮಾಡಿದ್ದೆಲ್ಲ ಖರ್ಚಾಗುವ ಮನೆ ಬಿಟ್ಟು ಹೋಗಲು ಅವಳಿಗೂ ಮನಸ್ಸಿಲ್ಲ.

ಡಿಸೆಂಬರಿನಲ್ಲಿ ಫ್ಯಾನ್ ಹಾಕಿಯೇ ಮಲಗುತ್ತೇನೆಂದು ಜಗಳವಾದ ಮೇಲೆ ಆಸ್ಪತ್ರೆಗೆ ಹೋದದ್ದು. ಡಾಕ್ಟರಮ್ಮ ಎರಡೂ ಕೈ ಚಾಚಲು ಹೇಳಿ ಬೆರಳುಗಳ ಮೇಲೊಂದು ಹಾಳೆ ಇಟ್ಟರು. ಗಾಳಿಗೆ ಸಿಕ್ಕ ಬಾಳೆಎಲೆಯಂತೆ ಹಾಳೆ ಪಟಪಟ.

'ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇತ್ತಾ?'

'ಇಲ್ಲ ಮೇಡಂ. ಚಿಕ್ಕಪ್ಪ ಒಬ್ಬ ಹೋಳಿಗೆ ಜಾಸ್ತಿ ತಿನ್ತಿದ್ದ' ಎಂದೆ, ನಗಲಿ ಎಂದು.

ಅವರು ನಗಲಿಲ್ಲ. 'ಅವರ ಕಣ್ಣು ಹೇಗಿತ್ತು?' ಎಂದರು.

ನನಗೆ ಬಂದದ್ದು ಗ್ರೇವ್ಸ್ ಕಾಯಿಲೆ. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ ಎಂಬ ವೈದ್ಯ 1835ರಲ್ಲಿ ಇದನ್ನು ವಿವರಿಸಿ ಬರೆದಿದ್ದನಂತೆ. ಮೈ ಕಾಯಬೇಕಾದ ಪಡೆಯೇ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನು ಕೆರಳಿಸುತ್ತದೆ. ಅದು ಬೇಕಾದ್ದಕ್ಕಿಂತ ಹೆಚ್ಚು ಹಾರ್ಮೋನು ಸುರಿಯುತ್ತದೆ. ಆಕ್ಸಿಲರೇಟರ್ ವೈರು ಸಿಕ್ಕಿಕೊಂಡ ಸ್ಕೂಟರ್ ನಿಂತಲ್ಲೇ ಪೆಟ್ರೋಲು ಕುಡಿದ ಹಾಗೆ ಮೈ ಉರಿಯುತ್ತಲೇ ಇರುತ್ತದೆ. ಎದೆ ಹಾರುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಕಣ್ಣುಗುಡ್ಡೆ ಮುಂದೆ ಬರುತ್ತದೆ. ಮನೆತನದಲ್ಲಿ ಹರಿದು ಬರುವುದೂ ಉಂಟು. ನಮ್ಮ ಮನೆತನದಿಂದ ಅಡಿಕೆ ತೋಟದಲ್ಲಿ ನನ್ನ ಪಾಲಿಗೆ ಬಂದದ್ದು ಅಷ್ಟಕ್ಕಷ್ಟೆ. ಇದು ಮಾತ್ರ ಪೂರ್ತಿ ಬಂತು.

ರೋಗ ಬಂದವನು ಓದದೆ ಇರುತ್ತಾನೆಯೇ? ಹಸಿವೆಯ ಕಾಯಿಲೆಗಳದ್ದೇ ಒಂದು ದೊಡ್ಡ ಪಂಕ್ತಿಯಿದೆ. ಸಕ್ಕರೆ ಕಾಯಿಲೆ ಕೆರಳಿದಾಗ ರಕ್ತದ ತುಂಬ ಸಕ್ಕರೆಯಿದ್ದೂ ಜೀವಕೋಶಗಳು ಉಪವಾಸ. 1956ರಲ್ಲಿ ಜ್ಯೂರಿಕ್ ವೈದ್ಯರು ಗುರುತಿಸಿದ ಪ್ರೇಡರ್-ವಿಲ್ಲಿ ಎಂಬುದೊಂದಿದೆ. ಹುಟ್ಟಿದಾಗ ಮೊಲೆ ಚೀಪಲೂ ತ್ರಾಣವಿಲ್ಲದ ಕೂಸು, ಕೆಲವು ವರ್ಷ ಕಳೆದರೆ ಎಷ್ಟು ಉಂಡರೂ ಹೊಟ್ಟೆ ತುಂಬಿತು ಎಂಬುದನ್ನೇ ಅರಿಯದು. 15ನೇ ಕ್ರೋಮೋಸೋಮಿನಲ್ಲಿ ಆದ ಎಡವಟ್ಟು. ಆ ಮನೆಗಳಲ್ಲಿ ಫ್ರಿಜ್ಜಿಗೂ ಅಡುಗೆಮನೆಗೂ ಬೀಗ ಹಾಕುತ್ತಾರೆ ಎಂದು ಓದಿದಾಗ, ಅಜ್ಜಿಯ ಸೊಂಟದಲ್ಲಿದ್ದ ಬೀಗದಕೈ ಕಿವಿಯಲ್ಲಿ ಸದ್ದು ಮಾಡಿತು.

'ಸಾಕು' ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾದದ್ದು 1994ರಲ್ಲಿ. ಅದು ಹುಟ್ಟಿನಿಂದಲೇ ಇಲ್ಲದ ಇಬ್ಬರು ಮಕ್ಕಳನ್ನು ಕೇಂಬ್ರಿಡ್ಜಿನ ವೈದ್ಯರು 1997ರಲ್ಲಿ ಗುರುತಿಸಿದರು. ಆಮೇಲೆ ಅದನ್ನೇ ಚುಚ್ಚುಮದ್ದಾಗಿ ಕೊಟ್ಟಾಗ ಒಂಬತ್ತು ವರ್ಷದ ಹುಡುಗಿಯ ಹಸಿವು ಕೆಲವೇ ದಿನಗಳಲ್ಲಿ ಇಳಿಯಿತು. ಅಲ್ಲಿಯವರೆಗೆ ಅವಳನ್ನು ಯಾರೆಲ್ಲ ಏನೇನು ಅಂದಿರಬಹುದು?

ನಮ್ಮವರೂ ಕಡಿಮೆಯಲ್ಲ. ಭಸ್ಮಕ ಎಂದು ಇದಕ್ಕೊಂದು ಹೆಸರಿಟ್ಟಿದ್ದಾರೆ. ಜಠರದ ಅಗ್ನಿ ಮಿತಿಮೀರಿ, ಉಂಡದ್ದು ಸಾಲದೆ ಮೈಯ ಧಾತುಗಳನ್ನೇ ಸುಡುತ್ತದಂತೆ. ಚರಕ ಸಂಹಿತೆ ಹೇಳುವ ಚಿಕಿತ್ಸೆಯೋ, ತುಪ್ಪ ಹಾಕಿದ ಪಾಯಸದಂಥ ಜಡವಾದ, ಜಿಡ್ಡಿನ, ಸಿಹಿ ಪದಾರ್ಥಗಳನ್ನು ಮತ್ತೆ ಮತ್ತೆ ಉಣ್ಣಿಸುವುದು. ಅಂದರೆ ಹೋಳಿಗೆ ಬುಟ್ಟಿ ಹಿಡಿದು ನಕ್ಕವರೆಲ್ಲ ಗೊತ್ತಿಲ್ಲದೆ ವೈದ್ಯ ಮಾಡುತ್ತಿದ್ದರೇನೋ!

ನನಗೆ ಸಿಕ್ಕಿದ್ದು ಕಾರ್ಬಿಮಜೋಲ್, ಸಾಸಿವೆಗಿಂತ ತುಸು ದೊಡ್ಡ ಮಾತ್ರೆ. 1950ರ ದಶಕದಿಂದಲೂ ಇರುವ ಔಷಧ. ನಾವು ಹೋಳಿಗೆ ಎಣಿಸುತ್ತಿದ್ದಾಗಲೂ ಅದು ಇತ್ತು. ನಮ್ಮೂರಿಂದ ಶಿವಮೊಗ್ಗಕ್ಕೆ ಬಸ್ಸೂ ಇತ್ತು. 'ಎದೆ ಹಾರ್ತದೆ' ಎಂದು ಚಿಕ್ಕಪ್ಪ ಹೇಳಿದಾಗಲೆಲ್ಲ ಯಾರೋ ಒಬ್ಬರು 'ಕಡಿಮೆ ತಿನ್ನು' ಎನ್ನುತ್ತಿದ್ದರು. ನಾನು ಪಿಯುಸಿಯಲ್ಲಿದ್ದಾಗ ಒಂದು ಮಳೆಗಾಲದ ಬೆಳಿಗ್ಗೆ ಹೋಗಿಬಿಟ್ಟ. ಐವತ್ತೂ ತುಂಬಿರಲಿಲ್ಲ.

ಎರಡು ತಿಂಗಳಲ್ಲಿ ನನ್ನ ಹಸಿವು ಇಳಿಯಿತು. ಮೂರನೇ ದೋಸೆಗೆ ಕೈ ಅಡ್ಡ ಹಿಡಿದ ದಿನ ಅಮ್ಮನ ಮುಖ ಸಣ್ಣದಾಯಿತು. 'ಎಂತ ಮದ್ದು ಕೊಟ್ಟರೋ! ಚೆನ್ನಾಗಿ ಉಣ್ಣುವ ಹುಡುಗನನ್ನ ಹಾಳು ಮಾಡಿದರು' ಎಂದಳು. ಹುಡುಗನಿಗೆ ಆಗ ನಲವತ್ತನಾಲ್ಕು. ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದೆ. ಚಿಕ್ಕಪ್ಪನಿಗೂ ಇದೇ ಇದ್ದಿರಬೇಕು ಎಂದೆ. ತುಂಬ ಹೊತ್ತು ಸುಮ್ಮನಿದ್ದು ಕೇಳಿದಳು:

'ಹಾಗಾದ್ರೆ ಅವನಿಗೆ ನಿಜವಾಗ್ಲೂ ಹಸಿವಾಗ್ತಿತ್ತಾ?'

ಆ ಸಲದ ಮಹಾಲಯಕ್ಕೆ ಊರಿಗೆ ಹೋದೆವು. ಮಕ್ಕಳಿಲ್ಲದ ಚಿಕ್ಕಪ್ಪನಿಗೂ ಎಡೆ ಇಡುವುದು ರೂಢಿ. ಅಮ್ಮ ಎರಡು ವಡೆ, ಎರಡು ಸುಕ್ಕಿನುಂಡೆ ಹಾಕಿದಳು. ಹೋಗಲು ತಿರುಗಿದವಳು ನಿಂತಳು. ಬುಟ್ಟಿ ಕೈಯಲ್ಲೇ ಇತ್ತು. ನಾನು ಬಗ್ಗಿ, ಎಲೆಯ ಮೇಲಿನ ಪಲ್ಯವನ್ನು ತುಸು ಆಚೆ ಸರಿಸಿದೆ.