ತಮ್ಮನ ಮೆಟಡೋರ್

ಹತ್ತನೆಯ ತರಗತಿಯಲ್ಲಿ ನನ್ನಿಂದ ಭೌತಶಾಸ್ತ್ರ ಕಲಿತವರಿಗೆ ಡೀಸೆಲ್ ಇಂಜಿನ್ನಿನ ಪಾಠ ನೆನಪಿರಬಹುದು. ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನಾಲ್ಕು ಚಿತ್ರ ಬರೆದು ಹೀರಿಕೆ, ಸಂಪೀಡನ, ಶಕ್ತಿ, ನಿಷ್ಕಾಸ ಎಂದು ನಿಮ್ಮೆಲ್ಲರಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದೆ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ಡೀಸೆಲ್ಲಿಗೆ ಬೇಡ. ಗಾಳಿಯನ್ನು 16ರಿಂದ 22 ಪಟ್ಟು ಒತ್ತಿ ಅದುಮಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ ಎಂದು ವಿವರಿಸುವಾಗ ನನಗೇ ಒಂದು ಬಗೆಯ ಹುಮ್ಮಸ್ಸು ಬರುತ್ತಿತ್ತು. ಆ ಪಾಠ ಮಾಡುತ್ತಿದ್ದ ಕಾಲದಲ್ಲಿಯೇ ಅದೇ ವಿಷಯದಲ್ಲಿ ನಾನು ಮೋಸಹೋದ ಸಂಗತಿಯನ್ನು ನಿಮಗೆ ಎಂದೂ ಹೇಳಿರಲಿಲ್ಲ. ಮನೆಯವರಿಗೆ ಗೊತ್ತಿತ್ತು, ಅವರೂ ಎತ್ತಲಿಲ್ಲ.

1997ರ ಮಾತು. ನನ್ನ ತಮ್ಮ ಅರಸೀಕೆರೆಯ ಸುತ್ತಲಿನ ಹಳ್ಳಿಗಳಲ್ಲಿ ಕೊಬ್ಬರಿ ಕೊಂಡು ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಿದ್ದ. ಬಾಡಿಗೆ ಗಾಡಿಗೆ ಕೊಡುವ ಹಣ ಉಳಿದೀತೆಂದು ಒಂದು ಹಳೆಯ ಮೆಟಡೋರ್ ಕೊಳ್ಳಲು ಮನಸ್ಸು ಮಾಡಿದ. (ಆಗ ನಮ್ಮ ಕಡೆ ಯಾವ ಕಂಪನಿಯ ವ್ಯಾನಾದರೂ ಮೆಟಡೋರೇ.) ಹಣ ಸಾಲದೆ ಅವನ ಹೆಂಡತಿಯ ಅವಲಕ್ಕಿ ಸರವನ್ನು ಮಾರಿದ್ದಾಯಿತು. "ಅಣ್ಣ ಸೈನ್ಸು ಓದಿದೋನು, ಅವನು ನೋಡಿ ಹ್ಞೂಂ ಅಂದ್ರೆ ಸಾಕು" ಎಂದು ನನ್ನನ್ನು ಕರೆದೊಯ್ದ.

ಹನ್ನೊಂದು ಗಂಟೆಗೆ ಬನ್ನಿ ಎಂದಿದ್ದ ಮಾರುವವನು ವ್ಯಾನನ್ನು ತೊಳೆದು ಮಲ್ಲಿಗೆ ಹಾರ ಹಾಕಿ ನಿಲ್ಲಿಸಿದ್ದ. ಕೀಲಿ ಅರ್ಧ ತಿರುಗುವಷ್ಟರಲ್ಲಿ ಇಂಜಿನ್ ಚಾಲೂ ಆಯಿತು. ಆರಿಸಿ ಮತ್ತೆ ಹಚ್ಚಿ ತೋರಿಸಿದ. ನಾನು ಟೈರು ಒದ್ದು ನೋಡಿದೆ, ಹಾರನ್ ಬಾರಿಸಿದೆ. ಆತ ಕೈಮುಗಿದು, "ನಿಮ್ಮಂಥ ಮೇಷ್ಟ್ರಿಗೆ ಸುಳ್ಳು ಹೇಳಿದ್ರೆ ನರಕಕ್ಕೆ ಹೋಗ್ತೀನಿ ಸ್ವಾಮಿ" ಎಂದ. ನಿಜ ಹೇಳುವುದಾದರೆ, ನನ್ನನ್ನು ಒಪ್ಪಿಸಿದ್ದು ಇಂಜಿನ್ನಲ್ಲ, ಆ ಮಾತು. ನಾನು ಹ್ಞೂಂ ಅಂದೆ.

ಎರಡನೆಯ ತಿಂಗಳಿಗೆ ಆ ವ್ಯಾನು ಬೆಳಗಿನ ಹೊತ್ತು ಏಳುವುದನ್ನೇ ನಿಲ್ಲಿಸಿತು. ನಾಲ್ವರು ಕೂಡಿ ತಳ್ಳಬೇಕು. ಎದ್ದರೆ ಬೀದಿಯ ತುಂಬ ನೀಲಿ ಹೊಗೆ. ಪಿಸ್ಟನ್ನಿನ ರಿಂಗುಗಳೂ ಸಿಲಿಂಡರಿನ ಒಳಗೋಡೆಯೂ ಸವೆದುಹೋಗಿದ್ದವು. ಸವೆದ ಸಂದಿನಲ್ಲಿ ಗಾಳಿ ಸೋರಿದರೆ ಒತ್ತಡ ಏರದು. ಒತ್ತಡ ಏರದಿದ್ದರೆ ಎಣ್ಣೆ ಹೊತ್ತಿಕೊಳ್ಳುವಷ್ಟು ಶಾಖ ಹುಟ್ಟದು. ಆದರೆ ಇಂಜಿನ್ ಒಮ್ಮೆ ಕಾದಿತೆಂದರೆ ಗೋಡೆಗಳ ಬಿಸಿಯೇ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿ ದೋಷವನ್ನು ಮುಚ್ಚಿಬಿಡುತ್ತದೆ. ನಾವು ಹೋಗುವ ಮುನ್ನ ಆತ ಗಂಟೆಗಟ್ಟಲೆ ಓಡಿಸಿ ಕಾಯಿಸಿಟ್ಟಿದ್ದ. ರುಡಾಲ್ಫ್ ಡೀಸೆಲನ ಇಂಜಿನ್ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ಓಡಿದ್ದು 1897ರಲ್ಲಿ. ಸರಿಯಾಗಿ ನೂರು ವರ್ಷದ ಬಳಿಕ ಅದರ ತತ್ತ್ವವನ್ನು ಬೋಧಿಸುವ ಮೇಷ್ಟರಿಗೆ ಇಂಜಿನ್ನನ್ನು ಒಮ್ಮೆ ಮುಟ್ಟಿ ನೋಡಬೇಕೆಂದು ಹೊಳೆಯಲಿಲ್ಲ.

ಮರುವರ್ಷ ತಮ್ಮ ಅದನ್ನು ಅರ್ಧ ಬೆಲೆಗೆ ಮಾರಿದ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆದರೆ ಆಮೇಲೆ ಯಾವ ವಿಷಯಕ್ಕೂ ನನ್ನ ಸಲಹೆ ಕೇಳಲಿಲ್ಲ, ಮಗಳ ಕಾಲೇಜಿನ ವಿಷಯಕ್ಕೂ.

ಕಳೆದ ವರ್ಷ ಅವನ ಮಗ ಬಂದು, "ದೊಡ್ಡಪ್ಪ, ಬೇಕರಿ ಮಾಲು ಸಾಗಿಸೋಕೆ ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ವ್ಯಾನ್ ನೋಡ್ತಿದೀನಿ, ಜೊತೆಗೆ ಬನ್ನಿ" ಎಂದಾಗ ನನ್ನ ಎದೆ ಒಮ್ಮೆ ಝಲ್ಲೆಂದಿತು. ಈ ಸಲ ನಾನೊಬ್ಬನೇ ಹೋಗಲಿಲ್ಲ. ಹೆದ್ದಾರಿಯ ಪಕ್ಕ ಗ್ಯಾರೇಜು ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕರೆದುಕೊಂಡೆ. ವಿಜ್ಞಾನದಲ್ಲಿ ಅವನಿಗೆ ನಾನು ಕೊಟ್ಟ ಅಂಕಗಳನ್ನು ಇಲ್ಲಿ ಬರೆಯುವುದು ಬೇಡ. ಅವನೂ ಇದನ್ನು ಓದುತ್ತಾನೆ.

ಮೊದಲ ವ್ಯಾನಿನವರು ಹತ್ತಕ್ಕೆ ಬನ್ನಿ ಎಂದರು. ಇವನು ನಮ್ಮನ್ನು ಆರೂವರೆಗೇ ಕರೆದೊಯ್ದ. ಮಾತಿಗೂ ಮೊದಲೇ ಇಂಜಿನ್ನಿನ ಮೇಲೆ ಅಂಗೈ ಇಟ್ಟು, "ಸಾರ್, ಇದು ನಮಗಿಂತ ಮುಂಚೆ ಎದ್ದಿದೆ" ಎಂದ. ನಾಳೆ ಬರುತ್ತೇವೆ, ಅಲ್ಲಿಯವರೆಗೆ ಚಾಲೂ ಮಾಡಬೇಡಿ ಎಂದು ಹೇಳಿ ಹೊರಟ. ಅಷ್ಟರಲ್ಲಿ ಆ ಮನೆಯ ಯಜಮಾನರು ಕಾಫಿ ಕೊಟ್ಟು, ತಮ್ಮ ಮಾವನವರೂ ಉಪಾಧ್ಯಾಯರೆಂದು ಹೇಳಿ, ನನಗೆ ಬಹಳ ಮರ್ಯಾದೆ ತೋರಿಸಿದ್ದರು. ಇಪ್ಪತ್ತೆಂಟು ವರ್ಷಗಳಾದರೂ ನನಗೆ ಬುದ್ಧಿ ಬಂದಿರಲಿಲ್ಲವೆಂದೇ ಹೇಳಬೇಕು. "ಒಳ್ಳೆಯ ಜನ ಕಣಯ್ಯ" ಎಂದು ದಾರಿಯಲ್ಲಿ ಹೇಳಿದೆ. ಅವನು ಉತ್ತರ ಕೊಡಲಿಲ್ಲ.

ಮರುದಿನ ಇಂಜಿನ್ ಕಲ್ಲಿನಂತೆ ತಣ್ಣಗಿತ್ತು. ನಾಲ್ಕು ಸಲ ತಿರುಗಿಸಿದ ಮೇಲೆ ಕೆಮ್ಮುತ್ತ ಎದ್ದಿತು. ಬಿಳಿ ಹೊಗೆ ಮೊದಲು ಸ್ವಲ್ಪ ಬಂದು ಕರಗಿದರೆ ಚಿಂತೆಯಿಲ್ಲ, ಇದು ಕರಗಲೇ ಇಲ್ಲ. ಆಮೇಲೆ ಆಯಿಲ್ ಉರಿಯುವ ನೀಲಿಯೂ ಸೇರಿತು. ಆಯಿಲ್ ಹಾಕುವ ಬಾಯಿಯ ಮುಚ್ಚಳವನ್ನು ಅವನು ಬಿಚ್ಚಿ ಬೋರಲಾಗಿ ಅಲ್ಲೇ ಇಟ್ಟ. ಒಳಗಿನಿಂದ ನುಗ್ಗುವ ಹಬೆಗೆ ಅದು ಕುದಿಯುವ ಪಾತ್ರೆಯ ತಟ್ಟೆಯಂತೆ ಕುಣಿಯಿತು. ಸಿಲಿಂಡರಿನಲ್ಲಿ ನಿಲ್ಲಬೇಕಾದ ಒತ್ತಡ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಪ್ರಯೋಗವನ್ನು ನಾನು ಯಾವ ಪ್ರಯೋಗಶಾಲೆಯಲ್ಲಿಯೂ ಮಾಡಿಸಿರಲಿಲ್ಲ. ಮೀಟರು 62,000 ಕಿಲೋಮೀಟರ್ ತೋರಿಸುತ್ತಿತ್ತು. ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು.

ಕಡ್ಡಿಗೆ ಅಂಟಿದ ಆಯಿಲ್ ಕಪ್ಪಗಿದೆಯಲ್ಲ ಎಂದು ನಾನು ಜಾಣತನ ತೋರಿಸಲು ಹೋದೆ. "ಡೀಸೆಲ್ ಗಾಡೀಲಿ ಹೊಸ ಆಯಿಲ್ ಹಾಕಿದ್ರೂ ಬೇಗ ಕಪ್ಪಾಗುತ್ತೆ ಸಾರ್. ಹಾಲು ಬೆರೆಸಿದ ಕಾಫಿ ಥರ ಇದ್ರೆ ಮಾತ್ರ ಓಡಿಹೋಗಬೇಕು, ನೀರು ಸೇರಿದೆ ಅಂತ" ಎಂದ.

ಎರಡನೆಯ ವ್ಯಾನಿನ ಇಂಜಿನ್ ಚೆನ್ನಾಗಿತ್ತು. ಆದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಇತ್ತು. ಸಾಲ ಎಂದೋ ತೀರಿದೆ ಎಂದರು. ತೀರಿದ್ದಕ್ಕೆ ಅವರ ಪತ್ರವಾಗಲಿ 35ನೆಯ ನಮೂನೆಯಾಗಲಿ ಇರಲಿಲ್ಲ. ಕಾಗದಪತ್ರಗಳಲ್ಲಿ ನನ್ನ ತಮ್ಮನ ಮಗ ಚುರುಕು, ತಾನೇ ಬೇಡವೆಂದ.

ಮೂರನೆಯದು 2018ರದು. ಹೋದಾಗ ಗಾಜಿನ ಮೇಲೆ ಇಬ್ಬನಿ ಹಾಗೇ ಕುಳಿತಿತ್ತು. ಎರಡನೆಯ ಸುತ್ತಿಗೆ ಎದ್ದಿತು, ಮುಚ್ಚಳ ಅಲುಗಾಡಲಿಲ್ಲ. ನನ್ನ ವಿದ್ಯಾರ್ಥಿ ಗೋಣಿಚೀಲ ಹಾಸಿ ಕೆಳಗೆ ಮಲಗಿ, ಹೆಚ್ಚು ಹೊರೆ ಹೊರಲೆಂದು ಸ್ಪ್ರಿಂಗಿಗೆ ಮೇಲುಪಟ್ಟಿ ಸೇರಿಸಿದ್ದಾರೆಯೇ, ಚಾಸಿ ಎಲ್ಲಾದರೂ ಬೆಸುಗೆ ಕಂಡಿದೆಯೇ ಎಂದು ಟಾರ್ಚು ಹಿಡಿದು ನೋಡಿದ. ಚಾಸಿ ನಂಬರನ್ನು ಆರ್‌ಸಿಯೊಡನೆ ಅಕ್ಷರಕ್ಷರ ಹೋಲಿಸಿದ. ಎಂಟು ವರ್ಷ ತುಂಬಿದ ಮೇಲೆ ಎಫ್‌ಸಿ ವರ್ಷಕ್ಕೊಮ್ಮೆ ಮಾಡಿಸಬೇಕಾಗುತ್ತದೆ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿ ಎಂದು ಹುಡುಗನಿಗೆ ಹೇಳಿ, ಚೌಕಾಸಿ ಮಾಡಿ ಹದಿನೈದು ಸಾವಿರ ಇಳಿಸಿದ. ಯಾರೂ ನನ್ನ ಹ್ಞೂಂಕಾರಕ್ಕೆ ಕಾಯಲಿಲ್ಲ. ನನಗೆ ಅದರಿಂದ ನೆಮ್ಮದಿಯೇ ಆಯಿತು.

ಪೂಜೆಯ ದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವಾಗ ತಮ್ಮ ದೂರದಲ್ಲಿಯೇ ನಿಂತಿದ್ದ. ಎಲ್ಲ ಮುಗಿದು ಜನ ಊಟಕ್ಕೆ ಹೋದ ಮೇಲೆ ನನ್ನ ಹತ್ತಿರ ಬಂದು, "ಬೆಳಿಗ್ಗೆ ತಣ್ಣಗಿದ್ದಾಗ ನೋಡಿದ್ರಾ ಅಣ್ಣ?" ಎಂದ.

"ಮುಟ್ಟಿ ನೋಡಿದ್ವಿ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಅಟ್ಟಕ್ಕೆ ಹೊಸ ಹೆಂಚು ಹೊದಿಸಬೇಕೋ ಶೀಟು ಹಾಕಿಸಬೇಕೋ ಎಂದು ನನ್ನನ್ನು ಕೇಳಿದ.