ಗಾಳಿಗೆ ಬೀಸಿದ್ದೂ ಲೆಕ್ಕ

ಶಾಲೆಯಲ್ಲಿ ಪೋಷಕರ ಸಭೆ ಮುಗಿಸಿಕೊಂಡು ಬಂದ ನನ್ನವಳು ಚಪ್ಪಲಿ ಬಿಡುವ ಮುಂಚೆಯೇ ಹೇಳಿದಳು: "ಪುಟ್ಟನಿಗೆ ಒಂದು ಪಾಸಿಟಿವ್ ಔಟ್‌ಲೆಟ್ ಬೇಕಂತೆ ರೀ." ಔಟ್‌ಲೆಟ್ ಎಂದರೆ ನನಗೆ ಗೊತ್ತಿದ್ದದ್ದು ಅಡುಗೆಮನೆಯ ಸಿಂಕಿನ ಕೆಳಗಿನ ಪೈಪು. ಅದು ಕಟ್ಟಿಕೊಂಡರೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ಆ ಲೆಕ್ಕದಲ್ಲಿ ಟೀಚರು ಹೇಳಿದ್ದು ಸರಿಯಾಗಿಯೇ ಇತ್ತು.

ಹದಿನೈದರ ಹುಡುಗನಿರುವ ಮನೆಯಲ್ಲಿ ಬಾಗಿಲುಗಳಿಗೆ ಆಯಸ್ಸು ಕಡಿಮೆ. ಪುಟ್ಟನ ಕೋಣೆಯ ಬಾಗಿಲಿನ ಕೀಲನ್ನು ಆ ವರ್ಷ ಎರಡು ಸಲ ರಿಪೇರಿ ಮಾಡಿಸಿದ್ದೆ. ಬಾಗಿಲು ಬಡಿದ ಸದ್ದು ಕೇಳಿಯೇ ನಮ್ಮಮ್ಮ ಹಾಲಿನಲ್ಲಿ ಕೂತು ಭವಿಷ್ಯ ನುಡಿಯುತ್ತಿದ್ದರು: "ಇದು ಗಣಿತದ ಟೆಸ್ಟು." ಇಲ್ಲವೇ, "ಇದು ಯಾರೋ ಮಾತು ಬಿಟ್ಟಿರೋದು." ಮೊದಲು ಕ್ರಿಕೆಟ್ ಇತ್ತು. ಒಂದು ದಿನ ಕಿಟ್ ಬ್ಯಾಗನ್ನು ಮಂಚದ ಕೆಳಗೆ ಒದ್ದವನು ಮತ್ತೆ ಹೊರಗೆ ಎಳೆಯಲಿಲ್ಲ. ಯಾಕೆ ಎಂದು ಕೇಳಿದರೆ "ಸುಮ್ನೆ." ಆಮೇಲೆ ಈಜು, ಕೀಬೋರ್ಡು, ಚೆಸ್ಸು ಎಂದು ಮೂರು ಕಡೆ ಫೀಸು ಕಟ್ಟಿದೆವು. ಮೂರು ರಸೀದಿ ನಮ್ಮಲ್ಲಿ ಉಳಿದವು, ಹುಡುಗ ಅಲ್ಲಿ ಉಳಿಯಲಿಲ್ಲ.

ಗಾಲ್ಫು ನನ್ನ ತಲೆಗೆ ಹೊಕ್ಕದ್ದು 2021ರ ಆಗಸ್ಟ್ 7ರ ಬೆಳಗ್ಗೆ ಎಂದು ಕಾಣುತ್ತದೆ. ಅವತ್ತು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಬಂದು ನಿಂತಿದ್ದಾಳೆ ಎಂದು ತಿಳಿದು, ಗಾಲ್ಫ್ ಎಂದರೆ ಏನೆಂದು ಗೊತ್ತಿಲ್ಲದ ನಾವೆಲ್ಲ ಟಿವಿ ಮುಂದೆ ಕೂತಿದ್ದೆವು. ಉಪ್ಪಿಟ್ಟು ತಣ್ಣಗಾಯಿತು. ಆ ಹುಡುಗಿಯ ಜಾಗತಿಕ ಶ್ರೇಯಾಂಕ ಆಗ ಇನ್ನೂರರ ಆಸುಪಾಸು. ಕೊನೆಗೆ ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೆಯವಳಾದಳು. ಸಂಜೆ ನೀರಜ್ ಚೋಪ್ರಾ ಈಟಿ ಎಸೆದು ಚಿನ್ನ ಗೆದ್ದ. ಬೆಳಗಿನ ನಾಲ್ಕನೇ ಸ್ಥಾನವನ್ನು ದೇಶ ಅಷ್ಟೊತ್ತಿಗೆ ಮರೆತಿತ್ತು. ನನಗೆ ಮಾತ್ರ ಅವಳ ಪಕ್ಕದಲ್ಲಿ ಬ್ಯಾಗು ಹೊತ್ತು ನಡೆಯುತ್ತಿದ್ದ ಹೆಂಗಸು ನೆನಪಿನಲ್ಲಿ ಉಳಿದರು. ಅವರು ಅವಳ ಅಮ್ಮ. ರಿಯೋದಲ್ಲಿ ಅಪ್ಪ ಬ್ಯಾಗು ಹೊತ್ತಿದ್ದರಂತೆ, ಟೋಕಿಯೋದಲ್ಲಿ ಅಮ್ಮ. ಆಟದವರ ಭಾಷೆಯಲ್ಲಿ ಕ್ಯಾಡಿ.

ಅದಿತಿ ಗಾಲ್ಫಿಗೆ ಬಿದ್ದದ್ದು ಐದನೇ ವಯಸ್ಸಿನಲ್ಲಿ. ದೊಮ್ಮಲೂರಿನ ಹತ್ತಿರದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಕಾಣುವ ಹೋಟೆಲೊಂದರಲ್ಲಿ ಅಪ್ಪ ಅಮ್ಮನ ಜೊತೆ ತಿಂಡಿ ತಿನ್ನುತ್ತಿದ್ದಾಗ ಅತ್ತ ಕಣ್ಣು ಹೋಯಿತಂತೆ. ಇದನ್ನು ಓದಿದ ನಾನು, ತಿಂಡಿಯೇ ದಾರಿ ಎಂದು ತೀರ್ಮಾನಿಸಿದೆ. ಪುಟ್ಟನಿಗೆ ಹದಿನೈದಾದ ಮೇಲೆ ಒಂದು ಭಾನುವಾರ, "ಊರಾಚೆ ಒಂದು ಕಡೆ ಮಸಾಲೆದೋಸೆ ಚೆನ್ನಾಗಿರುತ್ತಂತೆ, ಬಾ," ಎಂದು ಕರೆದುಕೊಂಡು ಹೊರಟೆ. ದೋಸೆ ಹೇಳಿಕೊಳ್ಳುವಂತೇನೂ ಇರಲಿಲ್ಲ. ಪಕ್ಕದಲ್ಲಿ ಡ್ರೈವಿಂಗ್ ರೇಂಜ್ ಇತ್ತು.

"ಅರೆ, ಇಲ್ಲಿ ಗಾಲ್ಫ್ ಆಡ್ತಾರಾ!" ಎಂದೆ, ಆಗತಾನೇ ಕಂಡವನ ಹಾಗೆ.

ಅವನು ಚಟ್ನಿಯಿಂದ ಕಣ್ಣು ಎತ್ತಲಿಲ್ಲ. "ಅಪ್ಪ, ನಿನ್ನ ಫೋನಲ್ಲಿ ನಿನ್ನೆಯಿಂದ ಬರೀ ಗಾಲ್ಫ್ ಜಾಹೀರಾತು ಬರ್ತಿದೆ. ಹೋಗೋಣ ಬಾ, ನಿನಗೆ ನೋಡ್ಬೇಕು ತಾನೇ."

ಅಂತೂ ಹೋದೆವು. ಉದ್ದಕ್ಕೂ ಹುಲ್ಲು, ಅಲ್ಲಲ್ಲಿ ಐವತ್ತು, ನೂರು, ನೂರೈವತ್ತು ಗಜದ ಫಲಕ. ಇತ್ತ ಒಂದೊಂದು ಚಾಪೆ, ಪಕ್ಕದಲ್ಲಿ ಒಂದೊಂದು ಬಕೆಟ್ ಚೆಂಡು. ಚೆಂಡು ಕದಲದೆ ಕೂತಿರುತ್ತದೆ, ಬೌಲರ್ ಇಲ್ಲ, ಫೀಲ್ಡರ್ ಇಲ್ಲ, ಅವಸರ ಮಾಡುವವರಿಲ್ಲ. ಇದರಲ್ಲಿ ಕಷ್ಟವೇನಿದೆ ಎಂದು ಪುಟ್ಟ ಬಾಗಿಲು ಬಡಿಯುವ ಅಷ್ಟೂ ಬಲ ಸೇರಿಸಿ ಬೀಸಿದ. ಕೋಲು ಸುಂಯ್ ಎಂದು ಸುತ್ತಿತು. ಚೆಂಡು ಕೂತಲ್ಲೇ ಕೂತಿತ್ತು. ಎರಡನೇ ಸಲ ನೆತ್ತಿಗೆ ತಾಗಿ, ಅಂಗಳದಲ್ಲಿ ಬಿದ್ದ ನಿಂಬೆಹಣ್ಣಿನಂತೆ ನಾಲ್ಕು ಮಾರು ಉರುಳಿತು. ಮೂರನೆಯದು ಪಕ್ಕದ ಚಾಪೆಯವರ ಕಾಲಬುಡಕ್ಕೆ. ನಾನು ಹಿಂದೆ ನಿಂತು, "ತಲೆ ಎತ್ತಬೇಡ, ಮೊಣಕೈ ಮಡಿಸಬೇಡ," ಎಂದು ರಾತ್ರಿ ಯೂಟ್ಯೂಬಿನಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸುತ್ತಿದ್ದೆ.

ಅಲ್ಲಿ ಹೇಳಿಕೊಡುವವರೊಬ್ಬರಿದ್ದರು. ಹುಡುಗನಾಗಿದ್ದಾಗ ಕ್ಯಾಡಿಯಾಗಿ ಬ್ಯಾಗು ಹೊತ್ತು, ನೋಡಿ ನೋಡಿಯೇ ಆಟ ಕಲಿತವರಂತೆ. ಬಂದು ಮೊದಲು ಸರಿಮಾಡಿದ್ದು ನನ್ನನ್ನು. "ಸಾರ್, ಅಲ್ಲಿ ಕಾಫಿ ಚೆನ್ನಾಗಿರುತ್ತೆ. ಕುಡ್ಕೊಂಡು ನಿಧಾನಕ್ಕೆ ಬನ್ನಿ." ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೋಲಿನ ಮೇಲೆ ಇಟ್ಟರು. "ಕೋಳಿಮರಿ ಹಿಡ್ದಂಗೆ ಹಿಡ್ಕೋ ಮಗಾ. ಬಿಗಿ ಹಿಡಿದ್ರೆ ಸಾಯುತ್ತೆ, ಸಡಿಲ ಬಿಟ್ರೆ ಓಡುತ್ತೆ. ನೀನು ಹೊಡೀಬೇಡ, ಬೀಸು ಅಷ್ಟೆ. ದಾರೀಲಿ ಚೆಂಡು ಸಿಕ್ಕುತ್ತೆ."

ಅರ್ಧ ಬಕೆಟ್ ಖಾಲಿಯಾಗುವ ಹೊತ್ತಿಗೆ ಕಾಫಿ ಲೋಟ ಹಿಡಿದ ನನಗೆ ಆ ಸದ್ದು ಕೇಳಿಸಿತು. ಎಳನೀರಿನ ಮೇಲೆ ಮಚ್ಚಿನ ಮೊದಲ ಏಟು ಬಿದ್ದ ಹಾಗೆ, ಟಕ್. ತಿರುಗಿ ನೋಡಿದರೆ ಬಿಳಿ ಚುಕ್ಕೆಯೊಂದು ಆಕಾಶದಲ್ಲಿ ಏರುತ್ತಿತ್ತು. ಅದು ಬೀಳುವವರೆಗೂ ಪುಟ್ಟ ಕೋಲನ್ನು ಹೆಗಲ ಮೇಲೇ ಇಟ್ಟುಕೊಂಡು ನಿಂತಿದ್ದ. ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಬಗ್ಗಿ ಇನ್ನೊಂದು ಚೆಂಡು ಇಟ್ಟುಕೊಂಡ. ಔಟ್‌ಲೆಟ್ ಎನ್ನುವ ಪದವನ್ನು ಇಲ್ಲಿ ಸ್ವಲ್ಪ ತಿದ್ದಬೇಕು. ಸಿಟ್ಟನ್ನು ಹೊರಗೆ ಹಾಕುವುದಕ್ಕೆ ಗಾಲ್ಫು ಒಳ್ಳೆಯ ಜಾಗವೇ ಅಲ್ಲ. ಸಿಟ್ಟಿನಲ್ಲಿ ಹೊಡೆದ ಚೆಂಡು ಅಪಹಾಸ್ಯ ಮಾಡಿದ ಹಾಗೆ ಕಾಲಬಳಿಯೇ ಬೀಳುತ್ತದೆ. ಅಂಪೈರನ್ನು ಬೈಯೋಣವೆಂದರೆ ಇಲ್ಲ, ಕ್ಯಾಚು ಬಿಟ್ಟವನೂ ಇಲ್ಲ. ಇರುವುದು ನೀನು ಮತ್ತು ಮಿಸುಕದ ಚೆಂಡು.

ಅವತ್ತೇ ಒಂದು ಹಳೆಯ ಏಳನೇ ನಂಬರಿನ ಐರನ್ನು, ಒಂದು ಗ್ಲೌಸು ಕೊಂಡೆ. ಗಾಲ್ಫಿನ ಬ್ಯಾಗಿನಲ್ಲಿ ಹದಿನಾಲ್ಕು ಕೋಲು ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ನಮ್ಮದು ಒಂದೇ. ಮನೆಯಲ್ಲಿ "ಒಂದು ಐರನ್ ತಗೊಂಡ್ವಿ" ಎಂದಾಗ ನನ್ನವಳು, "ಇಸ್ತ್ರಿಪೆಟ್ಟಿಗೆ ಚೆನ್ನಾಗೇ ಇದೆಯಲ್ಲ ರೀ," ಎಂದಳು. ಕೋಲು ತೋರಿಸಿದೆ. ಬೆಲೆ ಕೇಳಿದಳು. ಕೊಟ್ಟದ್ದು ಮೂರು ಸಾವಿರದ ಇನ್ನೂರು. ಬಾಯಿಯಿಂದ ಬಂದದ್ದು, "ಎರಡೂ ಸೇರಿ ಎಂಟುನೂರು." ಪುಟ್ಟ ನನ್ನ ಮುಖವನ್ನೊಮ್ಮೆ ನೋಡಿ ಫ್ರಿಜ್ಜಿನ ಕಡೆಗೆ ಹೋದ.

ನಮ್ಮಮ್ಮ ಚೆಂಡನ್ನು ಕೈಯಲ್ಲಿ ಹಿಡಿದು ಕನ್ನಡಕ ಏರಿಸಿ ನೋಡಿದರು. "ಇದೇನೋ, ಮೈತುಂಬ ಸಿಡುಬಿನ ಕಲೆ?" ಆ ಕಲೆಗಳಿಗೆ ಒಂದು ಕತೆಯಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಗಟ್ಟಾ ಪರ್ಚಾ ಎಂಬ ಮರದ ಅಂಟಿನಿಂದ ಚೆಂಡು ಮಾಡತೊಡಗಿದಾಗ ಅದು ನುಣ್ಣಗಿತ್ತು, ಆದರೆ ಸರಿಯಾಗಿ ಹಾರುತ್ತಿರಲಿಲ್ಲ. ಏಟು ತಿಂದು ಗೀರು ಬಿದ್ದ ಹಳೆಯ ಚೆಂಡುಗಳು ಹೊಸದಕ್ಕಿಂತ ದೂರ, ನೇರ ಹೋಗುವುದನ್ನು ಆಟಗಾರರು ಕಂಡುಕೊಂಡರು. ಆಮೇಲೆ ಮಾಡುವವರೇ ಗೀರು ಹಾಕಿ ಮಾರತೊಡಗಿದರು. ಅದೇ ಮುಂದೆ ಈ ಗುಳಿಗಳಾಯಿತು. ಗುಳಿಗಳು ಗಾಳಿಯನ್ನು ಚೆಂಡಿನ ಮೈಗೆ ಇನ್ನಷ್ಟು ಹೊತ್ತು ಅಂಟಿಸಿಡುತ್ತವೆ, ಹಿಂದಕ್ಕೆ ಎಳೆಯುವ ಜಗ್ಗಾಟ ಕಡಿಮೆಯಾಗುತ್ತದೆ. ಇದನ್ನು ಹೇಳುವಾಗ ನನ್ನ ಕಣ್ಣು ತಾನಾಗಿ ಪುಟ್ಟನ ಕೆನ್ನೆಯ ಮೊಡವೆಗಳ ಮೇಲೆ ಹೋಯಿತು. "ಏನೂ ಹೇಳ್ಬೇಡ," ಎಂದ. ನಾಲಿಗೆಯ ತುದಿಗೆ ಬಂದಿದ್ದ ಉಪಮೆಯನ್ನು ನುಂಗಿಕೊಂಡೆ.

ಅಮ್ಮನಿಗೆ ಆಟದ ಸಾರಾಂಶ ವಿವರಿಸಿದೆ: ಹೊಲದಷ್ಟು ಉದ್ದದ ಹುಲ್ಲು ದಾಟಿಸಿ, ನಾಲ್ಕೂಕಾಲು ಅಂಗುಲದ ಕುಳಿಗೆ ಚೆಂಡು ಬೀಳಿಸುವುದು. "ಗೋಲಿ ಆಟ ಅನ್ನು," ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನನಗೆ ಹೊಳೆದೇ ಇರಲಿಲ್ಲ. ನಾವೂ ಹಿಮ್ಮಡಿ ತಿರುಗಿಸಿ ಮಣ್ಣಿನಲ್ಲಿ ಕುಳಿ ತೋಡಿ, ಬೆರಳು ಬಗ್ಗಿಸಿ ಗೋಲಿ ಹೊಡೆದವರೇ. ಚಿನ್ನಿದಾಂಡಿನಲ್ಲಿ ಕೂತ ಚಿನ್ನಿಯನ್ನು ಎಬ್ಬಿಸಿ ಬೀಸಿ, ಬಿದ್ದಲ್ಲಿಂದ ದಾಂಡಿನಲ್ಲಿ ಅಳೆದವರೇ. ವ್ಯತ್ಯಾಸ ಇಷ್ಟೆ: ನಮ್ಮ ಆಟಕ್ಕೆ ಸದಸ್ಯತ್ವ ಶುಲ್ಕ ಇರಲಿಲ್ಲ. ಇದು ಉಳ್ಳವರ ಆಟ ಎನ್ನುವ ಮಾತನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬ್ರಿಟಿಷರು 1876ರಲ್ಲಿ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಕಟ್ಟಿದ್ದು ನನ್ನ ಮುತ್ತಾತನಿಗಾಗಿ ಅಲ್ಲ. ಈಗಲೂ ಆ ಬೇಲಿಯ ಈಚೆಯಿಂದ ನೋಡುವವರೇ ಹೆಚ್ಚು. ಆದರೆ ಬೇಲಿಯಲ್ಲಿ ಕಂಡಿಯೂ ಇದೆ. ಬಿಡದಿ ಹತ್ತಿರ ಗಾಲ್ಫ್ ಮೈದಾನದ ಮಗ್ಗುಲಿನ ಹಳ್ಳಿಯಲ್ಲಿ ಬೆಳೆದ ಹುಡುಗ ಚಿಕ್ಕರಂಗಪ್ಪ, ದೇಶದ ಹೆಸರಾಂತ ವೃತ್ತಿಪರ ಆಟಗಾರನಾದ. ನಮಗೆ ಸದ್ಯಕ್ಕೆ ಕಂಡಿ ಎಂದರೆ ವಾರಕ್ಕೊಂದು ಬಕೆಟ್ ಚೆಂಡು.

ಆರು ತಿಂಗಳು ಹೀಗೇ ನಡೆಯಿತು. ನಾನು ಕಾಫಿ, ಅವನು ಚೆಂಡು. ಬಾಗಿಲಿನ ಕೀಲಿಗೂ ಸ್ವಲ್ಪ ವಿರಾಮ ಸಿಕ್ಕಿತು, ಪೂರ್ತಿ ಅಲ್ಲ. ಬೇಸಿಗೆ ರಜೆಯಲ್ಲಿ ಕೊಡಗಿನ ಗೆಳೆಯನೊಬ್ಬ, ತಾನು ಸದಸ್ಯನಾಗಿರುವ ಒಂಬತ್ತು ಕುಳಿಗಳ ಸಣ್ಣ ಮೈದಾನಕ್ಕೆ ಕರೆದ. ದಾರಿಯಲ್ಲಿ ಕಾರಿನೊಳಗೆ ನಾನು ಬಾಬಿ ಜೋನ್ಸ್ ಕತೆ ತೆಗೆದೆ. 1925ರ ಅಮೆರಿಕನ್ ಓಪನ್ನಿನಲ್ಲಿ ಹೊಡೆಯಲು ಸಿದ್ಧನಾಗಿ ನಿಂತಾಗ ಚೆಂಡು ತುಸು ಕದಲಿತು. ಬೇರೆ ಯಾರೂ ಕಂಡಿರಲಿಲ್ಲ. ತಾನೇ ಹೇಳಿ ತನ್ನ ಮೇಲೆ ಒಂದು ಹೊಡೆತದ ದಂಡ ಹಾಕಿಸಿಕೊಂಡ. ಕೊನೆಗೆ ಸಮಸಮ ಆಗಿ, ಮತ್ತೆ ಆಡಿಸಿದಾಗ ಸೋತ. ಆ ಒಂದು ಹೊಡೆತ ಇಲ್ಲದಿದ್ದರೆ ಗೆದ್ದೇಬಿಡುತ್ತಿದ್ದ.

"ಯಾರೂ ನೋಡಿರ್ಲಿಲ್ಲ ತಾನೇ? ಹೇಳಿದ್ಯಾಕೆ?" ಎಂದು ಪುಟ್ಟ ಕಿಟಕಿಯಾಚೆ ತಿರುಗಿದ. ನೀತಿಕತೆ ಹುಣಸೂರು ದಾಟುವ ಮುಂಚೆಯೇ ಸತ್ತಿತು.

ಕಾಫಿತೋಟಗಳ ನಡುವೆ ಏರಿಳಿಯುವ ಹುಲ್ಲು, ಮರದ ಬುಡಗಳಲ್ಲಿ ಇನ್ನೂ ಇಬ್ಬನಿ. ಫೋನುಗಳು ಕಾರಿನಲ್ಲೇ ಉಳಿದವು. ಗೆಳೆಯ ತನ್ನ ಆಟದಲ್ಲಿ ಮುಂದೆ ಹೋದ. ಪುಟ್ಟನ ಬ್ಯಾಗು ನಾನು ಹೊತ್ತೆ, ಎರವಲು ತಂದ ನಾಲ್ಕು ಕೋಲು ಸೇರಿ ಅದೀಗ ಬ್ಯಾಗು ಎನ್ನಿಸಿಕೊಳ್ಳುವಂತಿತ್ತು. ಗಾಲ್ಫಿನಲ್ಲಿ ನಿಗದಿತ ಹೊಡೆತಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಎರಡಾದರೆ ಈಗಲ್, ಮೂರಾದರೆ ಆಲ್ಬಟ್ರಾಸ್, ಎಲ್ಲವೂ ಹಕ್ಕಿಗಳೇ. ಒಂದು ಹೆಚ್ಚಾದರೆ ಬೋಗಿ. ನಮ್ಮವನ ಚೀಟಿಯಲ್ಲಿ ಒಂದು ಹಕ್ಕಿಯೂ ಕೂರಲಿಲ್ಲ. ಬೋಗಿಗೆ ಬೋಗಿ ಸೇರಿ ಮೈಸೂರಿಗೆ ಹೊರಡುವಷ್ಟು ಉದ್ದದ ರೈಲಾಯಿತು.

ಟಿವಿಯಲ್ಲಿ ಕಾಣದ ಒಂದು ಸಂಗತಿ ಅಲ್ಲಿ ತಿಳಿಯಿತು. ಗಾಲ್ಫಿನಲ್ಲಿ ಹೊಡೆಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಮಿಕ್ಕದ್ದೆಲ್ಲ ನಡಿಗೆ. ಹದಿನೈದರ ಹುಡುಗನನ್ನು ಎದುರು ಕೂರಿಸಿಕೊಂಡರೆ ಅದು ವಿಚಾರಣೆ. ಪಕ್ಕದಲ್ಲಿ, ಇಬ್ಬರೂ ದೂರದ ಬಾವುಟವನ್ನೇ ನೋಡುತ್ತ ನಡೆದರೆ ಬೇರೆ. ನಾಲ್ಕನೇ ಕುಳಿಯಿಂದ ಐದಕ್ಕೆ ಹೋಗುವಾಗ, ನಾನು ಕೇಳದೆ, "ಕ್ಯಾಚ್ ಬಿಟ್ಟಿದ್ದೆ ಅಪ್ಪ," ಎಂದ. "ಫೈನಲಲ್ಲಿ. ರಾತ್ರಿ ವಾಟ್ಸಾಪ್ ಗ್ರೂಪಿಂದ ತೆಗೆದುಹಾಕಿದ್ರು." ವರ್ಷದ ಹಿಂದಿನ ಮಂಚದ ಕೆಳಗಿನ ಕಿಟ್ ಬ್ಯಾಗು ಕಣ್ಣಮುಂದೆ ಬಂತು. ಏನಾದರೂ ಹೇಳಬೇಕಿತ್ತು. ಬ್ಯಾಗನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದೆ. ಸ್ವಲ್ಪ ದೂರ ನಡೆದು ಅವನೇ, "ಈಗ ಏಳನೇ ನಂಬರ್ ಕೊಡು," ಎಂದ. ಕ್ಯಾಡಿಯ ಕೆಲಸ ಅಷ್ಟೇ ಎಂದು ಕಾಣುತ್ತದೆ. ಹೊರಬೇಕು, ಕೇಳಿದಾಗ ಕೇಳಿದ್ದನ್ನು ಕೊಡಬೇಕು.

ಒಂಬತ್ತನೇ ಕುಳಿಯಲ್ಲಿ ಚೆಂಡು ಬಲಕ್ಕೆ ಸಿಡಿದು ಲಂಟಾನ ಪೊದೆಗೆ ಹೋಯಿತು. ಕಳೆದ ಚೆಂಡು ಹುಡುಕಲು ನಿಯಮದ ಪ್ರಕಾರ ಮೂರೇ ನಿಮಿಷ. ಅವನು ನುಗ್ಗಿದ, ನಾನು ಈಚೆ ನಿಂತೆ. ಒಳಗೆ ಎಲೆ ಅಲ್ಲಾಡಿತು, "ಸಿಕ್ತು," ಎಂದ. ತುಸು ಹೊತ್ತಾದ ಮೇಲೆ ಚೆಂಡು ಎರಡು ಎಲೆಗಳ ಸಮೇತ ಹೊರಗೆ ಜಿಗಿಯಿತು. ಹಿಂದೆಯೇ ತೋಳೆಲ್ಲ ಗೀಚಿಸಿಕೊಂಡು ಅವನು ಬಂದ. ಅಂತೂ ಕುಳಿ ಸೇರಿತು. ಚೀಟಿ ನನ್ನ ಕೈಯಲ್ಲಿತ್ತು. ಬೆರಳು ಮಡಿಸಿ ಎಣಿಸಿ, "ಎಂಟು," ಎಂದೆ.

"ಒಂಬತ್ತು."

"ನಾನು ನೋಡ್ತಾನೇ ಇದ್ದೆನಲ್ಲೋ."

"ಪೊದೆ ಒಳಗೆ ಒಂದ್ಸಲ ಬೀಸಿದೆ. ತಾಗಲಿಲ್ಲ. ಹೊಡೀಬೇಕು ಅಂತ ಬೀಸಿದ್ರೆ, ಗಾಳಿಗೆ ಬೀಸಿದ್ದೂ ಲೆಕ್ಕ," ಎಂದು ಚೀಟಿ ಕಿತ್ತುಕೊಂಡು, ಪೆನ್ಸಿಲಿನಿಂದ ದುಂಡಗೆ ಒಂಬತ್ತು ಬರೆದ. ಬಾಬಿ ಜೋನ್ಸನ ಹೆಸರು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮನೆ ತಲುಪಿದಾಗ ರಾತ್ರಿ ಹತ್ತು. ಪುಟ್ಟ ಊಟ ಮಾಡಿ ಕೋಣೆಗೆ ಹೋದ. ಬಾಗಿಲು ಹಾಕಿಕೊಂಡದ್ದು ಕೇಳಿಸಲಿಲ್ಲ. ನಮ್ಮಮ್ಮ ಕಿವಿ ಕೊಟ್ಟು ಕಾದು, ಭವಿಷ್ಯ ಹೇಳಲು ಏನೂ ಸಿಗದೆ ಎದ್ದುಹೋದರು. ನನ್ನವಳು ಪಾತ್ರೆ ತೊಳೆಯುತ್ತಿದ್ದಳು. ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತೆ, ಇಬ್ಬರೂ ಸಿಂಕನ್ನೇ ನೋಡುತ್ತ.

"ಆ ಐರನ್ನು, ಗ್ಲೌಸು," ಎಂದೆ. "ಎಂಟುನೂರಲ್ಲ. ಮೂರು ಸಾವಿರದ ಇನ್ನೂರು."

ಅವಳು ನಲ್ಲಿ ನಿಲ್ಲಿಸಿದಳು. "ಗೊತ್ತು. ಅವತ್ತೇ ಪುಟ್ಟ ಹೇಳಿದ. ನೀವಾಗೇ ಹೇಳೋ ತನಕ ಕೇಳ್ಬೇಡ ಅಂತಾನೂ ಹೇಳಿದ್ದ."